ಉಮ್ಮ್ ಹಸನಳ ಕೆಂಡ, ನನ್ನ ಗುರೆಳ್ಳು

ಜೇವರ್ಗಿ

ನಾನು ಸಮುದ್ರ ದಾಟಿದ್ದು ದೇಶ ನೋಡುವ ಆಸೆಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಸುಲಭ, ಬರೆಯುವ ನನಗೂ ಸುಲಭ.

ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಮ್ಮವರು ಬಸ್ರಾದ ಬಂದರಿನಲ್ಲಿ ಫಿಟ್ಟರ್ ಆಗಿದ್ದರು. ವಾಡಿಯ ರೈಲು ಶೆಡ್ಡಿನಲ್ಲಿ ಕೆಲಸ ಕಲಿತು, ಮೂರು ವರ್ಷದ ಕರಾರಿನ ಮೇಲೆ ಹೋದವರು. ಅವರು ಹೋದಾಗ ನಮ್ಮ ಭಾಗವ್ವ ಇನ್ನೂ ಅಂಬೆಗಾಲಿಡುತ್ತಿದ್ದಳು. ತಿಂಗಳಿಗೊಂದು ಕಾಗದ ಬರುತ್ತಿತ್ತು. ನೆಲೋಗಿಯ ಮಠದ ಸಾಲೆಯಲ್ಲಿ ನಾನು ನಾಲ್ಕಕ್ಷರ ಕಲಿತಿದ್ದರಿಂದ ಕಾಗದವನ್ನು ನಾನೇ ಓದಿ ಅತ್ತೆಗೆ ಹೇಳುತ್ತಿದ್ದೆ. ಮೊದಮೊದಲು ಅದರಲ್ಲಿ ನಮ್ಮ ನೆನಪು, ಅಲ್ಲಿಯ ಬಿಸಿಲು, ಸಾಹೇಬರ ಬೈಗುಳ ಎಲ್ಲ ಇರುತ್ತಿದ್ದವು. ಎರಡನೆಯ ವರ್ಷದಿಂದ ಬರೀ ಕುರಿ ಖಂಡದ ಸುದ್ದಿ. “ಪಕ್ಕದ ಮನೆಯ ಉಮ್ಮ್ ಹಸನ್ ಶುಕ್ರವಾರಕ್ಕೊಮ್ಮೆ ಮಾಳಿಗೆಯ ಮೇಲೆ ಕೆಂಡ ಮಾಡಿ ಎಳೆಯ ಮರಿಯ ಖಂಡ ಸುಡುತ್ತಾಳೆ. ನನ್ನನ್ನು ಕರೆಯದೆ ಉಣ್ಣುವುದಿಲ್ಲ. ಅಂಥ ಖಂಡ ನಾನು ಹುಟ್ಟಿದಾಗಿನಿಂದ ತಿಂದಿಲ್ಲ.”

ಹುಟ್ಟಿದಾಗಿನಿಂದ ತಿಂದಿಲ್ಲವಂತೆ! ನಾನು ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಯಾವ ಮರಿಯ ಖಂಡ ಸುಡಲಿಕ್ಕೆ ಬರುತ್ತದೆ, ಯಾವುದು ಕುದಿಸಲಿಕ್ಕಷ್ಟೇ ಲಾಯಕ್ಕು ಎಂದು ಲಂಗ ಉಡುತ್ತಿದ್ದಾಗಿನಿಂದ ಬಲ್ಲೆ. ತೊಗರಿ ಕಟ್ಟಿಗೆಯ ಕೆಂಡದ ಮೇಲೆ ನಾನು ಪಕ್ಕೆಲುಬು ಸುಟ್ಟ ದಿನ ಓಣಿಯ ಮಂದಿ ಏನಾದರೊಂದು ನೆಪ ಮಾಡಿಕೊಂಡು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅದೇ ಪಕ್ಕೆಲುಬನ್ನು ಚೀಪಿ, ಬೆಳ್ಳಗಾದ ಎಲುಬನ್ನು ನನ್ನ ಮುಂದೆ ಹಿಡಿದು “ಏನರೆ ಉಳದದೇನ್ ನೋಡು” ಎನ್ನುತ್ತಿದ್ದ ಮನುಷ್ಯ ಈಗ ಹೀಗೆ ಬರೆದಿದ್ದರು.

“ಯಾರ್ ಬೇ ಆಕಿ, ಉಮ್ಮಾಸನ್?” ಎಂದು ಅತ್ತೆ ಕೇಳಿದರು.

“ನನಗೇನ್ ಗೊತ್ರಿ ಅತ್ತಿ. ಯಾವಾಕಿನೋ.”

“ವಯಸ್ಸೆಷ್ಟಂತ?”

“ಅದನ್ನ ಬರ್ದಿಲ್ರಿ.”

“ಬರ್ದಿಲ್ಲಂದ್ರ ಸಣ್ಣಾಕಿನೇ ಇರ್ತಾಳ ತಗೋ,” ಎಂದು ಅತ್ತೆ ಎಲೆ ಅಡಿಕೆಯನ್ನು ದವಡೆಗೆ ಒತ್ತಿಕೊಂಡರು. ಅವರಿಗೇನು, ಮಾತು ಅಲ್ಲಿಗೆ ಮುಗಿಯಿತು. ನಾನು ಆ ಕಾಗದವನ್ನು ರಾತ್ರಿ ಮತ್ತೆ ಎರಡು ಸಲ ಓದಿದೆ.

ಮುಂದಿನ ಕಾಗದ ಇನ್ನೂ ಚೆನ್ನಾಗಿತ್ತು. ಕರಾರು ಮುಗಿಯುತ್ತ ಬಂತು, ಇನ್ನೆರಡು ವರ್ಷ ಇರು ಎಂದು ಸಾಹೇಬರು ಕೇಳುತ್ತಿದ್ದಾರೆ, ದೀಪಾವಳಿಯ ಹೊತ್ತಿಗೆ ಹೇಳಬೇಕು, ಯೋಚನೆ ಮಾಡುತ್ತಿದ್ದೇನೆ ಎಂದಿತ್ತು. ಮಗಳು ತಂದೆಯ ಮುಖ ಮರೆತು ಕೂತಿದ್ದಾಳೆ, ಇವರಿಗೆ ಯೋಚನೆಯಂತೆ! ಇವರನ್ನು ಅಲ್ಲಿ ಕಟ್ಟಿಹಾಕಿರುವುದು ಸಾಹೇಬರಲ್ಲ, ಆ ಮಾಳಿಗೆಯ ಕೆಂಡ ಎಂದು ನನಗೆ ಖಾತ್ರಿಯಾಯಿತು. ಭಾಗವ್ವನನ್ನು ಅತ್ತೆಯ ಹತ್ತಿರ ಬಿಟ್ಟು, ಬಸ್ರಾಕ್ಕೆ ಮರಳುತ್ತಿದ್ದ ಶಾಬಾದಿನ ಖಾಜಾಸಾಬ್ ಮತ್ತು ಅವರ ಹೆಂಡತಿಯ ಜೊತೆ ಹೊರಟುಬಿಟ್ಟೆ. ಖಾಜಾಸಾಬರು ನಮ್ಮವರ ಜೊತೆಗೇ ಬಂದರಿನಲ್ಲಿ ಕೆಲಸ ಮಾಡುವವರು. ಇವರನ್ನು ಕರೆದುಕೊಂಡೇ ಬರುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟಿದ್ದೆ.

ಹಡಗಿನ ಡೆಕ್ಕು

ಮುಂಬಯಿಯಿಂದ ಹಡಗು. ನಾವು ಡೆಕ್ಕಿನ ಮಂದಿ. ನಮ್ಮ ಹಾಸಿಗೆ, ನಮ್ಮ ಬುತ್ತಿ, ಮೇಲೆ ಬಿಸಿಲು, ಕೆಳಗೆ ಎಣ್ಣೆ ವಾಸನೆಯ ಹಲಗೆ. ಭೀಮೆ ದಾಟುವಾಗ ಹರಿಗೋಲು ಸ್ವಲ್ಪ ವಾಲಿದರೂ ದೇವರ ಹೆಸರು ಹೇಳುವ ನಾನು ಕರಾಚಿ ಬರುವ ತನಕ ತಲೆ ಎತ್ತಲಿಲ್ಲ.

ನನ್ನ ಬುತ್ತಿಯಲ್ಲಿ ಕಡಕ್ ರೊಟ್ಟಿ, ಕೆಂಪು ಖಾರದ ಭರಣಿ, ಕುಸುಬಿ ಎಣ್ಣೆಯ ಡಬ್ಬಿ, ಒಣಗಿಸಿದ ಪುಂಡಿಸೊಪ್ಪು ಇದ್ದವು. ಟ್ರಂಕಿನ ತಳದಲ್ಲಿ ಸೀರೆಗಳ ನಡುವೆ ಒಂದು ಸಣ್ಣ ಚೀಲ ಗುರೆಳ್ಳು. ಎಳ್ಳಿಗಿಂತ ಉದ್ದ, ಮಿರಿಮಿರಿ ಕಪ್ಪು ಕಾಳು. ನಮ್ಮ ಕಡೆ ಅದನ್ನು ಹುರಿದು ಚಟ್ನಿಪುಡಿ, ನಮ್ಮ ಮಾತಿನಲ್ಲಿ ಹಿಂಡಿ, ಕುಟ್ಟುವುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಬೆಳ್ಳುಳ್ಳಿಯ ಜೊತೆ ಒರಟಾಗಿ ಕುಟ್ಟಿ, ಸುಟ್ಟ ಖಂಡವನ್ನು ಕೆಂಡದಿಂದ ತೆಗೆದ ಕೂಡಲೇ ಅದರಲ್ಲಿ ಹೊರಳಿಸುವುದು ನನ್ನ ಅವ್ವನಿಂದ ನನಗೆ ಬಂದದ್ದು. ನಮ್ಮವರಿಗೂ ಅದು ಗೊತ್ತಿರಲಿಲ್ಲ. ತಿನ್ನುವ ಗಂಡಸು ಡಬ್ಬಿಯಲ್ಲಿ ಏನಿದೆ ಎಂದು ಯಾವತ್ತು ಕೇಳಿದ್ದಾನೆ?

ಒಂದು ದಿನ ಹಡಗು ಹೊಯ್ದಾಡಿ ಖಾರದ ಭರಣಿ ಉರುಳಿ, ಪಕ್ಕದಲ್ಲಿದ್ದ ಇರಾನಿ ಮುದುಕನ ಬಿಳಿ ಹಾಸಿಗೆಯ ಮೇಲೆಲ್ಲ ಚೆಲ್ಲಿತು. ನನಗೆ ಜೀವ ಹೋದಂತಾಯಿತು. ಆತ ಬೈಯಲಿಲ್ಲ, ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡ. ಆಮೇಲೆ ಅರ್ಧ ದಿನ ನೀರಿನ ಪೀಪಾಯಿಯ ಹತ್ತಿರವೇ ಕೂತಿದ್ದ. ಇಳಿಯುವಾಗ ಮಾತ್ರ ಖಾಜಾಸಾಬರ ಮೂಲಕ ಒಂದು ಮುಟಿಗೆ ಖಾರ ಕೇಳಿ ಕಟ್ಟಿಸಿಕೊಂಡು ಹೋದ. ನನ್ನ ಕೈಯ ಮೇಲೆ ನನಗೆ ಮತ್ತೆ ಧೈರ್ಯ ಬಂತು.

ಬಸ್ರಾ, ಮೊದಲ ಶುಕ್ರವಾರ

ನಮ್ಮವರು ಬಂದರಿಗೆ ಬಂದಿದ್ದರು. ಮೈ ತುಂಬಿಕೊಂಡಿದ್ದರು, ಕೆನ್ನೆ ಮಿಂಚುತ್ತಿದ್ದವು. ಬೇರೆ ಹೆಂಡತಿಯಾಗಿದ್ದರೆ ಹಿಗ್ಗುತ್ತಿದ್ದಳೇನೋ. ಇದು ಯಾರ ಕೈಯ ಊಟ ಎಂದು ನನಗೆ ಮೈಯೆಲ್ಲ ಉರಿಯಿತು.

ಊರ ತುಂಬ ಕಾಲುವೆ, ಕಾಲುವೆಯ ತುಂಬ ಉದ್ದ ಮೂಗಿನ ದೋಣಿ, ದಂಡೆಯ ತುಂಬ ಖರ್ಜೂರದ ಮರ. ನಮ್ಮ ಕಡೆ ಸಂತೆಗೆ ಚಕ್ಕಡಿ ಕಟ್ಟಿದಂತೆ ಇವರು ದೋಣಿ ಬಿಚ್ಚುತ್ತಾರೆ. ಮನೆಗಳು ಮಾತ್ರ ನಮ್ಮವೇ. ಮಣ್ಣಿನ ಗೋಡೆ, ಮೇಲೆ ಸಪಾಟು ಮಾಳಿಗೆ, ಮಾಳಿಗೆಯಿಂದ ಮಾಳಿಗೆಗೆ ಹೆಂಗಸರ ಮಾತು. ನೋಡಿ ನನಗೆ ಕಣ್ಣು ತುಂಬಿ ಬಂತು. ಆಗಲೇ ಪಕ್ಕದ ಮಾಳಿಗೆಯಿಂದ ಒಂದು ದೊಡ್ಡ ದನಿ ನಮ್ಮವರನ್ನು “ಇಬ್ನೀ!” ಎಂದು ಕೂಗಿತು. ‘ನನ್ನ ಮಗನೇ’ ಎಂದರ್ಥವಂತೆ.

ಉಮ್ಮ್ ಹಸನ್ ಅರವತ್ತು ದಾಟಿದ ಹೆಂಗಸು. ಕರಿಯ ಹೊದಿಕೆ, ಗದ್ದದ ಮೇಲೆ ನೀಲಿ ಹಚ್ಚೆ, ಮುಂದಿನ ಎರಡು ಹಲ್ಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹರೆಯದವಳಾಗಿದ್ದರೆ ಸೆರಗು ಬಿಗಿದು ಜಗಳಕ್ಕೆ ನಿಲ್ಲಬಹುದಿತ್ತು. ಗಂಡ ಮರುಳಾಗಿರುವುದು ಮುದುಕಿಯ ಕೈರುಚಿಗೆ ಎಂದಮೇಲೆ ಯಾರ ಹತ್ತಿರ ಹೋಗಿ ಹೇಳಲಿ?

ಹಿಂದಿನ ಯುದ್ಧದಲ್ಲಿ ಹಿಂದೂಸ್ತಾನದ ಪಲ್ಟನ್ನಿಗೆ ಬಟ್ಟೆ ಒಗೆದು ಆಕೆ ಮುರುಕು ಹಿಂದೂಸ್ತಾನಿ ಕಲಿತಿದ್ದಳು. ನಮ್ಮ ಜೇವರ್ಗಿಯ ಉರ್ದು ಅದಕ್ಕೆ ಸಾಕಾಯಿತು. ಆಕೆಯ ಮಾತನ್ನು ನಾನು ನನ್ನ ಮಾತಿನಲ್ಲೇ ಬರೆಯುತ್ತೇನೆ.

“ಇಂವನ್ನ ನೀವು ಮನ್ಯಾಗ ಏನ್ ಹೆಸರಿಂದ ಕರೀತೀರಿ, ಬೇಟಿ?” ಎಂದು ಮೊದಲೇ ಕೇಳಿದಳು.

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದುಂಟೇ! ನೆಲ ನೋಡಿದೆ. ಇವರು ನಕ್ಕು, ನಮ್ಮಲ್ಲಿ ಹೆಂಗಸರು ಹಾಗೆ ಹೇಳುವುದಿಲ್ಲ ಎಂದರು. ಅವರಲ್ಲಿ ಇನ್ನೊಂದು ಪದ್ಧತಿ. ಹೆಂಗಸನ್ನು ಅವಳ ಹೆಸರಿನಿಂದ ಕರೆಯದೆ ಮಗುವಿನ ಹೆಸರಿನಿಂದ ಕರೆಯುತ್ತಾರೆ. ಉಮ್ಮ್ ಹಸನ್ ಎಂದರೆ ಹಸನನ ತಾಯಿ. ಮಗಳ ಹೆಸರು ಕೇಳಿ ನನ್ನನ್ನು ಆ ಕ್ಷಣವೇ ‘ಉಮ್ಮ್ ಭಾಗವ್ವ’ ಮಾಡಿದಳು. ಅವಳ ಹಸನ್ ಎಲ್ಲಿದ್ದಾನೆ ಎಂದು ನಾನು ಕೇಳಲಿಲ್ಲ. ನನ್ನ ಕಣ್ಣೆಲ್ಲ ಆಕೆಯ ಕೆಂಡದ ಮೇಲಿತ್ತು.

ಕಬ್ಬಿಣದ ಉದ್ದನೆಯ ತೊಟ್ಟಿ, ಅದರಲ್ಲಿ ಇದ್ದಿಲು. ಉರಿ ಪೂರ್ತಿ ಇಳಿದು ಮೇಲೆ ಬೂದಿ ಕೂರುವ ತನಕ ಆಕೆ ಕೈಯನ್ನೇ ಹಚ್ಚಲಿಲ್ಲ. ಖಂಡ ತೊಡೆಯದು, ಬಾರೆಹಣ್ಣಿನ ಗಾತ್ರದ ತುಂಡು, ಎಲುಬಿಲ್ಲ. ಅದನ್ನು ಕೆಳಗೆ ಅಡಿಗೆಮನೆಯ ಪರದೆಯ ಹಿಂದೆ, ಯಾರಿಗೂ ಕಾಣದಂತೆ ನೆನೆಸಿಟ್ಟು ತಂದಿದ್ದಳು. ಎರಡು ತುಂಡಿಗೊಂದರಂತೆ ಬಿಳಿ ಚರಬಿ ಸೇರಿಸಿ ಚಪ್ಪಟೆ ಕಬ್ಬಿಣದ ಸಳಿಗೆ ಪೋಣಿಸಿದಳು. ಸಳಿ ದುಂಡಗಿದ್ದರೆ ಖಂಡ ತಿರುಗಿ ಒಂದೇ ಮಗ್ಗುಲು ಬೇಯುತ್ತದಂತೆ. ಖರ್ಜೂರದ ಗರಿಯ ಬೀಸಣಿಕೆಯಿಂದ ತಾನೇ ಗಾಳಿ ಹಾಕಿದಳು. ನಾನು ಕೈ ಚಾಚಿದರೆ ಕೊಡಲಿಲ್ಲ. ಮೂಗಿಗೆ ಬಂದ ಆ ವಾಸನೆಯನ್ನು ಏನೆಂದು ಹೇಳಲಿ? ಹೊಟ್ಟೆ ಹಸಿಯಿತು, ಹೊಟ್ಟೆ ಉರಿಯಿತು, ಎರಡೂ ಕೂಡಿಯೇ ಆದವು.

ಬಿಸಿ ರೊಟ್ಟಿಯನ್ನು ಅಂಗೈ ಮೇಲೆ ಹಿಡಿದು, ಅದರಿಂದಲೇ ಸಳಿಯ ಖಂಡವನ್ನು ಹಿಡಿದೆಳೆದಳು. ಮೊದಲ ತುತ್ತು ಯಾರಿಗೆ? ಹಡಗಿಳಿದು ಬಂದ ಹೊಸಬಳು ನಾನು ಅಲ್ಲಿ ಕೂತಿದ್ದೆ. ನನ್ನನ್ನು ದಾಟಿ ಆ ಕೈ ನೇರ ನಮ್ಮವರ ಕೈಗೆ ಹೋಯಿತು. ಅವರೂ ಎಷ್ಟೋ ವರ್ಷದ ರೂಢಿಯವರಂತೆ ಕೈ ಒಡ್ಡಿದರು. ಮದುವೆಯಾದಾಗಿನಿಂದ ಆ ಕೈಗೆ ಮೊದಲ ತುತ್ತು ಹಾಕಿದವಳು ನಾನು!

ನನಗೂ ಕೊಟ್ಟಳು. ಜೊತೆಗೆ ತೆಳ್ಳಗೆ ಹೆಚ್ಚಿದ ಉಳ್ಳಾಗಡ್ಡಿ, ಅದರ ಮೇಲೆ ಸುಮಾಕ್ ಎಂಬ ಕೆಂಪು ಹುಳಿ ಪುಡಿ, ಕೆಂಡದಲ್ಲೇ ಸುಟ್ಟ ಟೊಮ್ಯಾಟೊ. ಆ ಪುಡಿಯ ಹುಳಿ ನಮ್ಮ ಒಣ ಪುಂಡಿಸೊಪ್ಪಿನ ಹುಳಿಯ ಹತ್ತಿರವೇ ಬರುತ್ತದೆ. ಖಂಡ ಹೇಗಿತ್ತು ಎಂದು ಕೇಳುತ್ತೀರಾ? ಬೆಣ್ಣೆಯಾಗಿತ್ತು. ಸುಳ್ಳು ಹೇಳಲಾರೆ. ಆದರೆ ಅಂದು ಹೇಳಿದೆ.

“ಹೆಂಗದ?” ಎಂದು ಇವರು ಕೇಳಿದರು.

“ಅದರಿ. ಉಪ್ಪು ಸ್ವಲ್ಪ ಕಮ್ಮಿ,” ಎಂದೆ.

ಬಾಲದ ದಿನ

ಮರುವಾರ ನಮ್ಮ ಮನೆಯಲ್ಲಿ ನಾನೇ ಸುಡುತ್ತೇನೆ ಎಂದೆ. ಉಮ್ಮ್ ಹಸನ್ ಖರ್ಜೂರದ ಗರಿಯ ಬುಟ್ಟಿಯಲ್ಲಿ ಖಂಡ ಕಳಿಸಿದಳು. ಬಿಚ್ಚಿ ನೋಡುತ್ತೇನೆ, ಕೆಳಗೆ ಒಳ್ಳೆಯ ತೊಡೆ, ಮೇಲೆ ಎರಡು ಅಂಗೈ ಅಗಲದ ಬೆಳ್ಳಗಿನ ಗಡ್ಡೆ. ಒತ್ತಿದರೆ ಅಲುಗುತ್ತದೆ. ಕುರಿಗೆ ಬಾವು ಬಂದರೆ ನನಗೆ ಗೊತ್ತಾಗುವುದಿಲ್ಲವೇ? ಅಪ್ಪ ಅಂಥ ಕುರಿಯನ್ನು ಹಿಂಡಿನಿಂದಲೇ ಬೇರೆ ಕಟ್ಟುತ್ತಿದ್ದ. ಮುದುಕಿ ಬೇಕೆಂದೇ ರೋಗದ ಕುರಿಯ ಖಂಡ ಕಳಿಸಿದ್ದಾಳೆ, ನನ್ನ ಅಡಿಗೆ ಕೆಡಲಿ ಎಂದು! ಗಡ್ಡೆಯನ್ನು ಕಾಲುವೆ ದಂಡೆಯ ನಾಯಿಗೆ ಎಸೆದು, ಕೈ ಮೂರು ಸಲ ಬೂದಿ ಹಚ್ಚಿ ತೊಳೆದೆ. ತೊಡೆಯನ್ನೂ ಎಸೆಯುವವಳು, ಮೂಸಿ ನೋಡಿದಾಗ ಚೆನ್ನಾಗಿದ್ದುದರಿಂದ ಉಳಿಸಿದೆ.

ಸಂಜೆ ಸುಟ್ಟ ಖಂಡ ಒಣಗಿ ಚಕ್ಕೆಯಾಗಿತ್ತು. ಇವರು ಜಗಿದು ಜಗಿದು ಕೇಳಿದರು: “ಬಾಲ ಎಲ್ಲಿ ಬೇ?”

“ಯಾವ ಬಾಲ್ರಿ?”

“ಉಮ್ಮ್ ಹಸನ್ ಕಳಿಸಿದ್ಳಲ್ಲ, ಬಿಳಿದು, ಇಷ್ಟಗಲ. ಈ ದೇಶದ ಕುರಿ ಬಾಲ ಹಂಗೇ ಇರ್ತದ. ಅದರಾಗಿನ ಚರಬಿನೇ ಖಂಡದ ನಡುವೆ ಹಾಕ್ತಾರ. ಬಾಲ ಕೊಡೋದಂದ್ರ ಭಾಳ ಪ್ರೀತಿ ಇದ್ದವರಿಗೆ.”

“ರೋಗದ ಗಡ್ಡಿ ಅಂತ ನಾಯಿಗೆ ಹಾಕಿದೇರಿ,” ಎಂದೆ.

ಇವರು ನೆಲದ ಮೇಲೆ ಬಿದ್ದು ನಕ್ಕರು. ನಕ್ಕದ್ದು ಸಾಲದೆಂದು ಗೋಡೆಯಾಚೆ ಆಕೆಗೂ ಕೂಗಿ ಹೇಳಿದರು. ಆಕೆ ಕಣ್ಣೊರೆಸಿಕೊಂಡು ನಕ್ಕದ್ದು ಕೇಳಿಸಿತು. ನಮ್ಮ ಕುರಿಗಳ ಬಾಲ ಒಂದು ಬೆರಳುದ್ದ ಇದ್ದರೆ ಹೆಚ್ಚು. ಅದು ನನ್ನ ತಪ್ಪೇ? ನಾನು ನಗಲಿಲ್ಲ. ಒಳಗೆ ಹೋಗಿ ಕೂತು ಅತ್ತುಬಿಟ್ಟೆ. ಇವರು ನನ್ನ ಜೊತೆ ಎಂದೂ ಹೀಗೆ ನಕ್ಕಿರಲಿಲ್ಲ. ನನ್ನ ಮೇಲೆ ನಕ್ಕರು, ನಗುವಿಗೆ ಜೊತೆಯಾದವಳು ಆಕೆ.

“ಸಾಹೇಬ್ರಿಗೆ ಏನ್ ಹೇಳ್ತೀರಿ?” ಎಂದು ಆಮೇಲೆ ಕೇಳಿದೆ.

“ನೋಡೋಣು. ಇನ್ನ ಟೈಮ್ ಅದ,” ಎಂದರು.

ಖಂಡದ ಪೇಟೆ

ಮುಂದಿನ ಸಲ ನಾನೇ ಆರಿಸುತ್ತೇನೆ ಎಂದು ಹಟ ಹಿಡಿದು ಉಮ್ಮ್ ಹಸನಳ ಜೊತೆ ಪೇಟೆಗೆ ಹೋದೆ. ಮೇಲೆ ಚಾಪೆ ಹೊದಿಸಿದ ಓಣಿ. ಇಕ್ಕೆಲದಲ್ಲೂ ಕುರಿಗಳನ್ನು ತೂಗುಹಾಕಿದ್ದರು, ಬಾಲ ತೆಗೆಯದೆ. ಇದು ಕುರಿ, ಆಡು ಅಲ್ಲ ಎಂದು ಗಿರಾಕಿಗೆ ಕಾಣಲಿ ಎಂದು ಹಾಗಂತೆ. ಆಕೆ ಪ್ರತಿಯೊಂದು ಬಾಲವನ್ನೂ ತಟ್ಟಿ “ಇದು ಬಾಲ, ಬೇಟಿ, ಗಡ್ಡಿ ಅಲ್ಲ” ಎನ್ನುತ್ತಿದ್ದಳು. ಅಂಗಡಿಯವರಿಗೆಲ್ಲ ಕಥೆ ಗೊತ್ತಾಗಿತ್ತು. ಕಿವಿ ಬಿಸಿಯಾದರೂ ತಡೆದುಕೊಂಡೆ.

ಆಕೆ ಬಾಲ ನೋಡಿ ಒಂದು ಕುರಿ ಗೊತ್ತು ಮಾಡಿದಳು. ಎಳೆಯ ಮರಿ ಎಂದು ಅಂಗಡಿಯವನು ಎದೆ ಬಡಿದುಕೊಂಡು ಹೇಳಿದ.

“ತಲಿ ತೋರಸ್ರಿ,” ಎಂದೆ.

ಅವರಿಗೆ ನಗು. ಖಂಡ ಕೊಳ್ಳುವವಳಿಗೆ ತಲೆ ಯಾಕೆ? ನಾನು ಬಿಡಲಿಲ್ಲ. ಮೂಲೆಯಲ್ಲಿದ್ದ ತಲೆ ತರಿಸಿ, ಕೆಳದವಡೆಯ ತುಟಿ ಸರಿಸಿದೆ. ನಾಲ್ಕು ಹಲ್ಲು ಬದಲಾಗಿದ್ದವು. ಎರಡು ವರ್ಷ ತುಂಬುತ್ತ ಬಂದ ಕುರಿ, ಸುಟ್ಟರೆ ರಬ್ಬರಾಗುತ್ತದೆ. ಹಾಲುಹಲ್ಲು ಇನ್ನೂ ಬೀಳದ್ದೇ ಬೇಕು ಎಂದು ಪಟ್ಟು ಹಿಡಿದು, ಏಳು ತಲೆಗಳ ಬಾಯಿ ತೆಗೆಸಿ, ಸರಿಯಾದ ಮರಿಯನ್ನು ಹುಡುಕಿದೆ. ಅದರ ಪಕ್ಕೆಲುಬು ಕೇಳಿದೆ. ತೊಡೆಯನ್ನು ಯಾರು ಬೇಕಾದರೂ ಸುಡಬಹುದು. ಪಕ್ಕೆಲುಬಿನಲ್ಲಿ ಎಲುಬು, ಚರಬಿ, ಖಂಡ ಮೂರೂ ಪದರ ಕೂಡಿರುತ್ತವೆ, ಬಾಲದ ಹಂಗಿಲ್ಲ. ಮರಳುವ ದಾರಿಯುದ್ದಕ್ಕೂ ಉಮ್ಮ್ ಹಸನ್ ಬುಟ್ಟಿ ಹಿಡಿದು ನನ್ನ ಪಕ್ಕದಲ್ಲೇ ನಡೆದಳು. ನಡುನಡುವೆ ನನ್ನ ಮುಖ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಆಕೆಯ ಮಾಳಿಗೆಯ ಮೇಲೆ ನಾನು ನೋಡಿದ್ದೂ ಹಾಗೆಯೇ. ನನಗೆ ಆ ದೇಶದಲ್ಲಿ ಮೊದಲ ಸಲ ಖುಷಿಯಾಯಿತು.

ನನ್ನ ಸರದಿ

ಪಕ್ಕೆಲುಬಿಗೆ ಉಪ್ಪು, ಕೆಂಪು ಖಾರ, ಜಜ್ಜಿದ ಬೆಳ್ಳುಳ್ಳಿ, ಕುಸುಬಿ ಎಣ್ಣೆ. ಬೆಳಗಿನಿಂದ ನೆನೆಯಿತು. ಗುರೆಳ್ಳನ್ನು ನಾನೂ ಒಳಗೆ, ಬಾಗಿಲು ಹಾಕಿಕೊಂಡು ಹುರಿದೆ. ಆಕೆಗೆ ಪರದೆ ಇದ್ದರೆ ನನಗೆ ಬಾಗಿಲಿದೆ. ನಂಚಿಕೊಳ್ಳಲು ಕಡಕ್ ರೊಟ್ಟಿ, ಪುಂಡಿಪಲ್ಯ, ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ, ಮೊಸರು. ಕೆಂಡ ನಮ್ಮ ಮಾಳಿಗೆಯ ಮೇಲೆ, ಬೀಸಣಿಕೆ ನನ್ನ ಕೈಯಲ್ಲಿ. ಮೊದಲ ತುತ್ತನ್ನು ಇವರ ಕೈಗೆ ಹಾಕಿ, ಕಣ್ಣು ಮಿಟುಕಿಸದೆ ಕೂತೆ.

ಇವರು ತಿಂದರು. ಇನ್ನೊಂದು ತಿಂದರು. ಎಲುಬು ಚೀಪಿ ಕೈಯಲ್ಲೇ ಹಿಡಿದುಕೊಂಡು ಕಾಲುವೆಯ ಕಡೆ ನೋಡುತ್ತ ಕೂತರು.

“ಹೇಳ್ರಿ ಏನರೆ.”

“ಖಂಡ ಛಲೋ ಆಗ್ಯಾದ. ಆದರ ನಮ್ಮ ತೊಗರಿ ಕಟಗಿ ಹೊಗಿ ವಾಸನಿ ಇಲ್ಲ ನೋಡು ಇದಕ್ಕ.”

ತೊಗರಿ ಕಟ್ಟಿಗೆಯನ್ನು ಸಮುದ್ರದ ಮೇಲೆ ಹೊತ್ತು ತರಬೇಕಿತ್ತೇ? ಇಷ್ಟೆಲ್ಲ ಮಾಡಿದರೂ ಕಡೆಗೆ ಇದು ಮಾತು! ಪಾತ್ರೆಗಳನ್ನು ಸದ್ದು ಮಾಡುತ್ತ ಕೆಳಗಿಳಿಸಿದೆ.

ಮರುದಿನ ಇವರು ಕೆಲಸಕ್ಕೆ ಹೋದಮೇಲೆ ಉಮ್ಮ್ ಹಸನ್ ನಮ್ಮ ಮಾಳಿಗೆಗೆ ಬಂದಳು. ಹಿಂದಿನ ಸಂಜೆ ಕೊಟ್ಟಿದ್ದ ಪಕ್ಕೆಲುಬಿನ ಒಂದು ತುಂಡನ್ನು ಎಲೆಯಲ್ಲಿ ಕಟ್ಟಿಕೊಂಡು ತಂದಿದ್ದಳು. ಅದರ ಮೇಲಿನ ಕಪ್ಪು ಪುಡಿಯನ್ನು ಉಗುರಿನಿಂದ ಕೆರೆದು ತೋರಿಸಿದಳು.

“ಇದೇನು, ಉಮ್ಮ್ ಭಾಗವ್ವ? ಈ ಕರೇದು?”

ನಾನು ಒಂದು ಕ್ಷಣವೂ ತಡ ಮಾಡಲಿಲ್ಲ.

“ಏನಿಲ್ಲ. ಮಸಿ. ಕೆಂಡದಾಗ ಸ್ವಲ್ಪ ಸುಡಾಕ ಬಿಟ್ಟೆ, ಅಷ್ಟೇ.”

“ಬರೇ ಮಸಿ?”

“ಬರೇ ಮಸಿ.”

ಆಕೆ ತಲೆಯಾಡಿಸಿದಳು. ಆ ತುಂಡನ್ನು ಮತ್ತೆ ಎಲೆಯಲ್ಲಿ ಸುತ್ತಿಕೊಂಡು, ಕೆಳಗೆ ಹೋಗುವಾಗ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಎರಡು ಕಪ್ಪು ಶುಕ್ರವಾರ

ಅದಾದ ಮೇಲಿನ ಶುಕ್ರವಾರ ಆಕೆಯ ಖಂಡ ಸುಟ್ಟು ಕರಕಾಗಿತ್ತು. ಬೂದಿ ಕೂರುವ ತನಕ ಕಾಯುತ್ತಿದ್ದವಳು ಉರಿಯಲ್ಲೇ ಹಿಡಿದಿದ್ದಳು. ಹೊರಗೆ ಕಪ್ಪು, ಒಳಗೆ ಹಸಿ. ಇವರು ಎರಡು ತುಂಡು ತಿಂದು ಟೊಮ್ಯಾಟೊ ಮುಂದಕ್ಕೆಳೆದುಕೊಂಡರು. ಮತ್ತೊಂದು ವಾರ ಇನ್ನೂ ಹೆಚ್ಚು ಕಪ್ಪು.

“ಮುದುಕಿಗೆ ಕಣ್ಣು ಮಬ್ಬಾಗ್ಯಾವ ಕಾಣಸ್ತದ,” ಎಂದರು ಇವರು.

ನನಗೆ ಅಯ್ಯೋ ಎನಿಸಲಿಲ್ಲ. ಹಿಗ್ಗಿದೆ. ಆ ಎರಡು ಶುಕ್ರವಾರ ನಾನು ಹೊಟ್ಟೆ ತುಂಬ ಉಂಡೆ. ಎರಡನೆಯ ಸಲ ಆಕೆಯ ಎದುರಿಗೇ “ಭಾಳ ಛಲೋ ಆಗ್ಯಾದ” ಎಂದೆ. ಆಕೆಯ ಮುಖ ಅರಳಿತು. ನಿಜವೇ, ಬೇಟಿ, ಎಂದು ಎರಡು ಸಲ ಕೇಳಿದಳು.

ಅದರ ಮರುದಿನ ಸಂಜೆ ನಮ್ಮವರು ಕೆಲಸದಿಂದ ಬಂದು, ಕೈಕಾಲು ತೊಳೆಯದೆ ಹೊಸ್ತಿಲ ಮೇಲೆ ಕೂತರು.

“ಸಾಹೇಬ್ರಿಗೆ ಆಗಂಗಿಲ್ಲ ಅಂತ ಹೇಳಿ ಬಂದೇನಿ. ಮುಂದಿನ ಹಡಗಿಗೆ ಹೋಗೋಣು.”

“ಯಾಕ್ರಿ?” ಎಂದೆ. ಕಾರಣ ನನ್ನ ಬಾಯಿಂದಲ್ಲ, ಅವರ ಬಾಯಿಂದ ಬರಬೇಕಿತ್ತು.

“ಯಾಕಂದ್ರ? ಅವತ್ತ ನೀ ಸುಟ್ಟಿದ್ದ ತಿಂದಾಗಿಂದ ತೊಗರಿ ಹೊಗಿ ನೆಪ್ಪಾಗಾಕತ್ತದ. ಮೂರು ವರ್ಷ ಇಲ್ಲಿ ಏನೂ ನೆಪ್ಪಾಗಿದ್ದಿಲ್ಲ. ಉಮ್ಮ್ ಹಸನಳ ಖಂಡ ತಿಂದ್ರ ಇಲ್ಲೇ ಆರಾಮ ಅನಸ್ತಿತ್ತು. ನಿಂದು ತಿಂದ್ರ ಏನೋ ಕಮ್ಮಿ ಅನಸ್ತದ. ಆ ಕಮ್ಮಿ ಊರಾಗೇ ಅದ.”

ಹೊಗಳಿಕೆಯೋ ಬೈಗುಳವೋ ಇವತ್ತಿಗೂ ನನಗೆ ತಿಳಿದಿಲ್ಲ. ಆದರೆ ಗೆದ್ದೆ ಎಂದುಕೊಂಡೆ. ಟ್ರಂಕಿಗೆ ಬಟ್ಟೆ ತುಂಬುವಾಗ ಹಾಡು ಹೇಳುತ್ತಿದ್ದೆ.

ಕೊನೆಯ ಶುಕ್ರವಾರ

ಹಡಗು ಹೊರಡುವ ಹಿಂದಿನ ದಿನ ಮಧ್ಯಾಹ್ನ, ಇವರು ಲೆಕ್ಕ ಚುಕ್ತಾ ಮಾಡಿಸಲು ಬಂದರಿಗೆ ಹೋಗಿದ್ದಾಗ, ಉಮ್ಮ್ ಹಸನ್ ನನ್ನೊಬ್ಬಳನ್ನೇ ಕರೆದಳು. ಮಾಳಿಗೆಗಲ್ಲ, ಪರದೆಯ ಹಿಂದಕ್ಕೆ.

“ಇವತ್ತ ಕರೇದು ಬ್ಯಾಡ. ನಂದು ನನಗ ಬಂದಂಗ ಮಾಡ್ತೇನಿ. ನೋಡು.”

ನಾಲ್ಕು ಉಳ್ಳಾಗಡ್ಡಿಯನ್ನು ತುರಿದಳು. ಬಟ್ಟೆಯಲ್ಲಿ ಕಟ್ಟಿ ಹಿಂಡಿದಳು. ಚರಟವನ್ನು ಎಸೆದು, ಬರೀ ನೀರನ್ನು ಖಂಡಕ್ಕೆ ಹಾಕಿದಳು, ಮೇಲೆ ಉಪ್ಪು. ಇಷ್ಟೇ. ಇದಕ್ಕಾಗಿ ನಾನು ಎಷ್ಟು ಹೊತ್ತು ಎಚ್ಚರವಿದ್ದು ತಲೆ ಕೆಡಿಸಿಕೊಂಡಿದ್ದೆ! ಮಸಾಲೆ, ಬೇರು, ಮಂತ್ರ, ಏನೇನೋ ಊಹಿಸಿದ್ದೆ.

“ಚರಟ ಉಳದ್ರ ಅದು ಮೊದಲ ಸುಟ್ಟು ಕಹಿ ಆಗ್ತದ. ನೀರಷ್ಟೇ ಹಾಕಬೇಕು. ಯಾರಿಗೂ ಹೇಳಿಲ್ಲ, ನನ್ನ ಸೊಸೀಗೂ.”

“ಸೊಸಿ ಅದಾಳೇನು?” ಎಂದೆ. ಆಗ ಮೊದಲ ಸಲ ಕೇಳಿದ್ದು.

“ನಿಮ್ಮ ಮುಂಬಯಿದಾಗ ಅದಾಳ. ಹಸನ್ ಕುದುರಿ ವ್ಯಾಪಾರದವರ ಜೋಡಿ ಹೋದ. ಅಲ್ಲೇ ಲಗ್ನ ಆದ. ಆಕಿ ಸೊಲ್ಲಾಪುರದ ಕಡಿಯಾಕಿ ಅಂತ. ಆರು ವರ್ಷ ಆತು, ಬಂದಿಲ್ಲ.” ಸಳಿಗೆ ಖಂಡ ಪೋಣಿಸುತ್ತಲೇ ಹೇಳಿದಳು. “ಒಂದು ಕಾಗದದಾಗ ಬರದಿದ್ದ, ಅವ್ವಾ, ಇಕಿ ಸುಟ್ಟ ಖಂಡದ ಮ್ಯಾಲ ಏನೋ ಕರೇದು ಹಾಕ್ತಾಳ, ಅಂಥಾದ್ದು ನಾ ಎಲ್ಲೂ ತಿಂದಿಲ್ಲ ಅಂತ. ಅವತ್ತ ನಿನ್ನ ಖಂಡದ ಮ್ಯಾಲ ಕರೇದು ನೋಡಿ ಎದಿ ಹೊಡಕೊಂಡಿತು. ಇದೇ ಇರಬೇಕು ಅಂದ್ಕೊಂಡೆ. ಕಲ್ತಿಟ್ರ, ಅಂವ ಬಂದ ದಿನ ಮಾಡಿ ಹಾಕಬಹುದಲ್ಲ.”

ನಾನು ಮುಂದಿನ ಸಳಿಯನ್ನು ಎತ್ತಿ ಆಕೆಯ ಕೈಗೆ ಕೊಟ್ಟೆ.

“ಮಸಿ ಅಂದಿ. ಸುಟ್ಟು ನೋಡಿದೆ ಎರಡು ವಾರ. ನೀ ಛಲೋ ಆಗ್ಯಾದ ಅಂದಿ. ಆದರ ನನ್ನ ಬಾಯಿಗೆ ಬರೇ ಕಹಿ ಹತ್ತಾಕತ್ತದ, ಬೇಟಿ. ನನ್ನ ನಾಲಿಗಿನೇ ಹೋಗಿರಬೇಕು.”

ಅಂಗಳದಲ್ಲಿಟ್ಟಿದ್ದ ಕೆಂಡಕ್ಕೆ ಬೂದಿ ಕೂತಿತ್ತು. ಬೀಸಣಿಕೆಯನ್ನು ನನ್ನ ಕೈಗೆ ಕೊಟ್ಟಳು. ಖಂಡ ಬೆಂದಾಗ ರೊಟ್ಟಿಯಿಂದ ಹಿಡಿದೆಳೆದು ಮೊದಲ ತುತ್ತನ್ನು ನನ್ನ ಕೈಯಲ್ಲಿಟ್ಟಳು. ಎದುರು ಗೋಡೆಯ ಆಚೆ, ನಮ್ಮ ಕೋಣೆಯ ಟ್ರಂಕಿನಲ್ಲಿ, ಗುರೆಳ್ಳಿನ ಚೀಲ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಎದ್ದು ಹೋಗಿ ತರಲು ಇಪ್ಪತ್ತು ಹೆಜ್ಜೆ. ನಾನು ಏಳಲಿಲ್ಲ. ಹೇಳಿದರೆ ಸುಳ್ಳು ಹೇಳಿದ್ದು ಬಯಲಾಗುತ್ತದೆ ಎಂಬ ನಾಚಿಕೆ ಒಂದು. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಆಗಲೂ, ಅಷ್ಟು ಕೇಳಿದ ಮೇಲೂ, ನನ್ನದೊಂದನ್ನು ಆಕೆಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.

ಬಂದರು

ಆಕೆ ಬೀಳ್ಕೊಡಲು ಬಂದಿದ್ದಳು. ಎಲೆಯಲ್ಲಿ ಸುತ್ತಿದ ಬಾಲದ ಚರಬಿಯ ಉಂಡೆ ಕೊಟ್ಟು “ಇದನ್ನ ನಾಯಿಗೆ ಹಾಕಬ್ಯಾಡ” ಎಂದಳು. ಇವರು ಆಕೆಯ ಕಾಲು ಮುಟ್ಟಿದರು. ನಾನೂ ಮುಟ್ಟಿದೆ. ಬಗ್ಗಿದಾಗ ಹೇಳಿಬಿಡೋಣ ಎಂದುಕೊಂಡೆ. ಪಕ್ಕದಲ್ಲೇ ಇವರು ನಿಂತಿದ್ದರು. ಎದ್ದಮೇಲೆ ಹೇಳೋಣ ಎಂದುಕೊಂಡೆ, ಹಡಗು ಕೂಗಿತು. ಹಲಗೆಯೇರಿದ ಮೇಲೆ ತಿರುಗಿ ನೋಡಿದರೆ ಕರಿಯ ಹೊದಿಕೆಯ ಹೆಂಗಸರು ಹತ್ತಾರು ಜನ ನಿಂತಿದ್ದರು. ಆಕೆ ಯಾರು ಎಂದು ನನಗೆ ಗುರುತು ಸಿಗಲಿಲ್ಲ.

ಮತ್ತೆ ಜೇವರ್ಗಿ

ಭಾಗವ್ವ ಎರಡು ದಿನ ತಂದೆಯನ್ನು ಕಂಡು ಅಜ್ಜಿಯ ಹಿಂದೆ ಅಡಗಿದಳು, ಮೂರನೆಯ ದಿನ ತೊಡೆಯೇರಿದಳು. ಅತ್ತೆ ಮೊದಲು ಕೇಳಿದ್ದು ಅದನ್ನೇ.

“ಎಷ್ಟಿತ್ತು ಬೇ ವಯಸ್ಸು?”

“ಅರವತ್ತರ ಮ್ಯಾಲರಿ.”

“ಹಂಗಾದ್ರ ಸುಳ್ಳೇ ಹೋಗಿ ಬಂದಿ,” ಎಂದರು.

ತೊಗರಿ ಕಟ್ಟಿಗೆ ಹೊತ್ತಿಸಿ ಪಕ್ಕೆಲುಬು ಸುಟ್ಟೆ. ಈ ಸಲ ಉಳ್ಳಾಗಡ್ಡಿ ನೀರಿನಲ್ಲಿ ನೆನೆಸಿದ್ದೆ. ಇವರು ಎಲುಬನ್ನು ಚೀಪಿ, ಬೆಳ್ಳಗೆ ಮಾಡಿ ನನ್ನ ಮುಂದೆ ಹಿಡಿದು, “ಇಂಥಾದ್ದು ನಾ ಹುಟ್ಟಿದಾಗಿಂದ ತಿಂದಿಲ್ಲ ನೋಡು” ಎಂದರು. ಈ ಒಂದು ಮಾತಿಗಾಗಿ ನಾನು ಸಮುದ್ರ ದಾಟಿದ್ದೆ. ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಮೊಸರು ತರಲು ಕೂಗಿದರೂ ಹೊರಗೆ ಬರಲಿಲ್ಲ.

ಖಾಜಾಸಾಬರು ಇನ್ನೂ ಬಸ್ರಾದಲ್ಲೇ ಇದ್ದಾರೆ. ನಮ್ಮವರು ಅವರಿಗೆ ಕಾಗದ ಬರೆಯುವಾಗ “ಏನರೆ ಬರೀಬೇಕೇನು ಉಮ್ಮ್ ಹಸನಗ?” ಎಂದು ಪ್ರತಿ ಸಲ ಕೇಳುತ್ತಾರೆ. “ನಮಸ್ಕಾರ ಬರೀರಿ” ಎನ್ನುತ್ತೇನೆ.

ಅದು ಮಸಿಯಲ್ಲ, ಗುರೆಳ್ಳು. ಒಣ ಬಾಣಲೆಯಲ್ಲಿ, ಚಟಪಟ ಎನ್ನುವ ತನಕ ಹುರಿಯಬೇಕು. ಆರಿದ ಮೇಲೆ ಬೆಳ್ಳುಳ್ಳಿ, ಉಪ್ಪು, ಖಾರ ಹಾಕಿ ಒರಟಾಗಿ ಕುಟ್ಟಬೇಕು. ಖಂಡವನ್ನು ಕೆಂಡದಿಂದ ತೆಗೆದಮೇಲೆ ಹೊರಳಿಸಬೇಕು, ಮೊದಲಲ್ಲ. ಆಕೆಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇಲ್ಲಿ ಬರೆದಿದ್ದೇನೆ.